ಪರದೆ ಕೆಟ್ಟರೆ ಗಣಕ ಸತ್ತಿತೆಂದಲ್ಲ

(ಉಪನ್ಯಾಸದ ಬರಹರೂಪ)



ಪರಿಸರದ ಸಭೆಯಲ್ಲಿ ಗಣಕಯಂತ್ರದ ರಿಪೇರಿಯ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಕಾಡು, ಹೊಳೆ, ಗಣಿ, ಅಣೆಕಟ್ಟು ಇವುಗಳ ಸುತ್ತಲೇ ಮಲೆನಾಡಿನ ಚಳವಳಿಗಳು ಬೆಳೆದಿವೆ. ಆದರೆ ನೆಲದಿಂದ ಎತ್ತಿದ ಲೋಹ ಎಲ್ಲಿಗೆ ಹೋಗುತ್ತದೆ, ಎಷ್ಟು ವರ್ಷ ಬಳಕೆಯಲ್ಲಿರುತ್ತದೆ, ಯಾವ ಕಾರಣಕ್ಕೆ ಕಸವಾಗುತ್ತದೆ ಎಂಬುದನ್ನು ಕೇಳದೆ ಗಣಿಯ ಪ್ರಶ್ನೆ ಪೂರ್ಣವಾಗದು. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಕುದುರೆಮುಖದ ಗಣಿಗಾರಿಕೆ 2005ರ ಡಿಸೆಂಬರ್ ಅಂತ್ಯಕ್ಕೆ ನಿಂತಿತು. ಅಲ್ಲಿ ಗಣಿ ನಿಂತಿತಾದರೂ ಲೋಕದ ಲೋಹದ ಹಸಿವು ತಗ್ಗಲಿಲ್ಲ. ಆ ಹಸಿವಿನಲ್ಲಿ ಮನೆಯ ಮೇಜಿನ ಮೇಲಿರುವ ಗಣಕಕ್ಕೂ ಪಾಲುಂಟು.

ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು 2004ರಲ್ಲಿ ಒಂದು ಲೆಕ್ಕವನ್ನು ಲೋಕದ ಮುಂದಿಟ್ಟಿತು. 17 ಇಂಚಿನ ಹಳೆಯ ಮಾದರಿಯ ದಪ್ಪ ಮಾನಿಟರ್ ಸಹಿತವಾದ ಒಂದು ಗಣಕವನ್ನು ತಯಾರಿಸಲು ಕನಿಷ್ಠ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ ಮತ್ತು 1500 ಕಿಲೋ ನೀರು ಬೇಕಾಗುತ್ತದೆ. ಗಣಕವೊಂದು ತನ್ನ ಆಯುಷ್ಯದಲ್ಲಿ ನುಂಗುವ ಶಕ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅದರ ತಯಾರಿಕೆಯ ಹಂತದಲ್ಲಿಯೇ ಖರ್ಚಾಗಿರುತ್ತದೆ ಎಂಬುದೂ ಅದೇ ಅಧ್ಯಯನದಿಂದ ತಿಳಿದುಬಂದಿತು. ಫ್ರಿಜ್ಜಿನಂತಹ ಯಂತ್ರದಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಅದು ಬಳಕೆಯಲ್ಲಿಯೇ ಹೆಚ್ಚು ಶಕ್ತಿಯನ್ನು ತಿನ್ನುತ್ತದೆ. ಆದುದರಿಂದ ಗಣಕದ ಮಟ್ಟಿಗೆ ಪರಿಸರದ ಅತಿ ದೊಡ್ಡ ಉಪಕಾರವೆಂದರೆ ಇರುವ ಯಂತ್ರವನ್ನೇ ಇನ್ನೂ ಐದು ವರ್ಷ ನಡೆಸುವುದು. ನಡೆದಿರುವುದು ಇದಕ್ಕೆ ವಿರುದ್ಧ. 2022ನೆಯ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಹೊರಹಾಕಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದು ಶೇ. 22.3 ಮಾತ್ರವೆಂದೂ ವಿಶ್ವಸಂಸ್ಥೆಯ 2024ರ ವರದಿ ಹೇಳುತ್ತದೆ.

ಮನೆಯ ಗಣಕವೊಂದು ಗುಜರಿಗೆ ಹೋಗುವ ಬಗೆಯನ್ನು ಗಮನಿಸಬೇಕು. ಬಹಳ ಸಲ ಅದು ಪರದೆಯ ತೊಂದರೆಯಿಂದ ಆರಂಭವಾಗುತ್ತದೆ. ಅಕ್ಷರಗಳು ಏಕಾಏಕಿ ದೊಡ್ಡದಾಗುತ್ತವೆ, ಬಣ್ಣ ಮಾಸುತ್ತದೆ, ಚಿತ್ರ ನಡುಗುತ್ತದೆ, ಗುಪ್ತಪದ ಕೊಟ್ಟೊಡನೆ ಪರದೆ ಕಪ್ಪಾಗುತ್ತದೆ, ವಿಡಿಯೋ ತಡೆತಡೆದು ಓಡುತ್ತದೆ. ಪೇಟೆಯ ಅಂಗಡಿಗೆ ಒಯ್ದರೆ 'ಬಹಳ ಹಳೆಯದಾಯಿತು, ಹೊಸದು ತೆಗೆದುಕೊಳ್ಳುವುದೇ ಲೇಸು' ಎಂಬ ಉತ್ತರ ದೊರೆಯುತ್ತದೆ. ಆದರೆ ಇಂತಹ ಲಕ್ಷಣಗಳಲ್ಲಿ ಹಲವಕ್ಕೆ ಕಾರಣ ಯಂತ್ರದ ಸವೆತವಲ್ಲ, ಡ್ರೈವರ್ ಎಂಬ ಒಂದು ತಂತ್ರಾಂಶ.

ಡ್ರೈವರ್ ಎಂದರೆ ದುಭಾಷಿ. ವಿಂಡೋಸ್, ಲಿನಕ್ಸ್ ಮುಂತಾದ ಕಾರ್ಯಾಚರಣೆ ವ್ಯವಸ್ಥೆಗಳು ಆಡುವ ಮಾತು ಒಂದು, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಚಿಪ್ಪಿಗೆ ತಿಳಿಯುವ ಮಾತು ಇನ್ನೊಂದು. ನಡುವೆ ನಿಂತು ಇದನ್ನು ಅದಕ್ಕೆ ತಿಳಿಸುವುದು ಡ್ರೈವರಿನ ಕೆಲಸ. ದುಭಾಷಿ ತಪ್ಪಿದರೆ ಇಬ್ಬರೂ ಆರೋಗ್ಯವಾಗಿದ್ದರೂ ಮಾತು ನಡೆಯುವುದಿಲ್ಲ.

ಆದುದರಿಂದ ಮೊದಲ ಕೆಲಸ ದೋಷ ಎಲ್ಲಿದೆ ಎಂದು ತಿಳಿಯುವುದು. ಇದಕ್ಕೆ ಖರ್ಚಿಲ್ಲದ ಮೂರು ಪರೀಕ್ಷೆಗಳಿವೆ.

ಒಂದನೆಯದು, ಗಣಕವನ್ನು ಚಾಲೂ ಮಾಡಿದ ಮೊದಲ ಕೆಲವು ಕ್ಷಣಗಳನ್ನು ನೋಡುವುದು. ತಯಾರಕರ ಹೆಸರು ಮೂಡುವ ಆ ಹೊತ್ತಿಗೆ ಡ್ರೈವರ್ ಇನ್ನೂ ಎದ್ದಿರುವುದಿಲ್ಲ. ಅಲ್ಲಿಯೇ ಗೆರೆಗಳು, ಚುಕ್ಕೆಗಳು ಕಂಡರೆ ಅಥವಾ ಏನೂ ಮೂಡದಿದ್ದರೆ ದೋಷ ತಂತಿ, ಮಾನಿಟರ್, ಕಾರ್ಡು, ಇಲ್ಲವೆ ರ‍್ಯಾಮಿನದು. ಅಲ್ಲಿ ಎಲ್ಲವೂ ಸ್ಪಷ್ಟವಾಗಿದ್ದು ವಿಂಡೋಸ್ ಏಳುವಾಗ ಕೆಟ್ಟರೆ ಡ್ರೈವರಿನ ಮೇಲೆ ಸಂಶಯ ಪಡಬೇಕು.

ಎರಡನೆಯದು ಸೇಫ್ ಮೋಡ್. ವಿಂಡೋಸ್ 7ರಲ್ಲಿ ಆರಂಭದ ಹೊತ್ತಿಗೆ ಎಫ್8 ಕೀಲಿಯನ್ನು ಒತ್ತುವುದರಿಂದಲೂ, ವಿಂಡೋಸ್ 10ರಲ್ಲಿ ಶಿಫ್ಟ್ ಕೀಲಿಯನ್ನು ಹಿಡಿದು ರೀಸ್ಟಾರ್ಟ್ ಆಯ್ದುಕೊಂಡಾಗ ತೆರೆಯುವ ಪಟ್ಟಿಯಿಂದಲೂ ಇದನ್ನು ಸೇರಬಹುದು. ಈ ಸ್ಥಿತಿಯಲ್ಲಿ ತಯಾರಕರ ಡ್ರೈವರನ್ನು ಬದಿಗಿಟ್ಟು ಸರಳವಾದ ಸಾಮಾನ್ಯ ಡ್ರೈವರ್ ಕೆಲಸ ಮಾಡುತ್ತದೆ. ಇಲ್ಲಿ ಪರದೆ ನೆಟ್ಟಗಿದ್ದರೆ ಚಿಪ್ಪು ಬದುಕಿದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿ.

ಮೂರನೆಯದು ಪೆನ್‌ಡ್ರೈವಿನ ಪರೀಕ್ಷೆ. ಲಿನಕ್ಸಿನ ಯಾವುದಾದರೂ ಆವೃತ್ತಿಯನ್ನು ಪೆನ್‌ಡ್ರೈವಿಗೆ ಇಳಿಸಿ, ಒಳಗಿನ ಹಾರ್ಡ್‌ಡಿಸ್ಕನ್ನು ಮುಟ್ಟದೆ, ಅದರಿಂದಲೇ ಗಣಕವನ್ನು ಎಬ್ಬಿಸಬಹುದು. ಅಲ್ಲಿ ಅರ್ಧ ಗಂಟೆ ಪರದೆ ಸರಿಯಾಗಿ ನಡೆದರೆ ಗುಜರಿಯ ಮಾತನ್ನು ಬಿಟ್ಟುಬಿಡಬಹುದು.

ಮಲೆನಾಡಿನಲ್ಲಿ ಈ ಪರೀಕ್ಷೆಗಳಿಗೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಮಳೆಗಾಲದ ಥಂಡಿ, ಬೂಷ್ಟು, ಇರುವೆ ಮತ್ತು ಧೂಳು ಗಣಕದ ಒಳಗೂ ಸೇರುತ್ತವೆ. ಗಾಳಿ ಆಡದೆ ಚಿಪ್ಪು ಕಾದರೆ ಅದು ನಡುನಡುವೆ ನಿಂತುಹೋಗುತ್ತದೆ. ಪರದೆಯ ಮೇಲೆ ಮಾತ್ರ 'ಡ್ರೈವರ್ ಸ್ಪಂದಿಸುತ್ತಿಲ್ಲ' ಎಂಬ ಸಂದೇಶ ಬರುತ್ತದೆ. ಹೀಗೆ ಬಿಸಿಯ ತಪ್ಪನ್ನು ಡ್ರೈವರಿನ ತಲೆಗೆ ಕಟ್ಟುವುದುಂಟು. ವಿದ್ಯುತ್ ತಂತಿಯನ್ನು ಪೂರ್ತಿ ಕಳಚಿ, ಪೆಟ್ಟಿಗೆಯನ್ನು ತೆರೆದು, ಮೆತ್ತನೆಯ ಕುಂಚದಿಂದ ಫ್ಯಾನಿನ ಧೂಳು ತೆಗೆಯಬೇಕು. ಕಾರ್ಡು ಮತ್ತು ರ‍್ಯಾಮಿನ ಚಿನ್ನದ ಬಣ್ಣದ ಅಂಚುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂರಿಸಬೇಕು. ಪ್ರತ್ಯೇಕ ಕಾರ್ಡು ಇರುವ ಗಣಕದಲ್ಲಿ ಮಾನಿಟರಿನ ತಂತಿ ಕಾರ್ಡಿಗೇ ಸೇರಿದೆಯೇ, ತಪ್ಪಿ ಮದರ್‌ಬೋರ್ಡಿಗೆ ಸೇರಿದೆಯೇ ಎಂದೂ ನೋಡಬೇಕು. ಆದರೆ ದಪ್ಪ ಮಾನಿಟರಿನ ಒಳಭಾಗವನ್ನಾಗಲಿ ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನಾಗಲಿ ತೆರೆಯಕೂಡದು. ತಂತಿ ಕಳಚಿದ ಮೇಲೂ ಅವುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಇಷ್ಟಾದ ಮೇಲೆ ಡ್ರೈವರಿನ ಸರದಿ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬ ಸಾಲನ್ನು ತೆರೆದಾಗ ಹಳದಿ ಗುರುತು ಕಂಡರೆ, ಅಥವಾ ಚಿಪ್ಪಿನ ಹೆಸರಿರಬೇಕಾದಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ, ಸರಿಯಾದ ಡ್ರೈವರ್ ಕೂತಿಲ್ಲವೆಂದು ಅರ್ಥ. ಚಿಪ್ಪು ಯಾವುದೆಂದು ಗೊತ್ತಿಲ್ಲದಿದ್ದರೆ ಅದೇ ಸಾಲಿನ ಗುಣವಿವರಗಳಲ್ಲಿ ಹಾರ್ಡ್‌ವೇರ್ ಐಡಿ ಎಂಬ ಸಂಕೇತವಿರುತ್ತದೆ. ಅದರ ಆರಂಭದಲ್ಲಿ 8086 ಎಂದಿದ್ದರೆ ಇಂಟೆಲ್. 10ಡಿಇ ಎಂದಿದ್ದರೆ ಎನ್‌ವಿಡಿಯಾ. 1002 ಎಂದಿದ್ದರೆ ಎಎಂಡಿ, ಅಂದರೆ ಹಿಂದಿನ ಎಟಿಐ.

ತೊಂದರೆ ಇತ್ತೀಚೆಗೆ, ಒಂದು ಅಪ್‌ಡೇಟ್ ಆದ ಬೆನ್ನಿಗೇ ಕಾಣಿಸಿಕೊಂಡಿದ್ದರೆ ಹೊಸ ಡ್ರೈವರನ್ನು ಹುಡುಕುವುದು ವ್ಯರ್ಥ; ಹಿಂದಿನದಕ್ಕೆ ಮರಳಬೇಕು. ಅಲ್ಲಿಯೇ ಇರುವ ರೋಲ್ ಬ್ಯಾಕ್ ಡ್ರೈವರ್ ಎಂಬ ಗುಂಡಿ ಇದಕ್ಕಾಗಿಯೇ ಇದೆ. ಅದು ಮಾಸಿದ್ದರೆ, ಅಂದರೆ ಒತ್ತಲು ಬರದಂತಿದ್ದರೆ, ಸಿಸ್ಟಮ್ ರಿಸ್ಟೋರ್ ಮೂಲಕ ಹಿಂದಿನ ದಿನಾಂಕಕ್ಕೆ ಹೋಗಬಹುದು. ಇವೆರಡೂ ಫಲಿಸದಿದ್ದರೆ ಹಳೆಯ ಡ್ರೈವರಿನ ಉಳಿಕೆಗಳನ್ನು ಪೂರ್ತಿ ತೆಗೆದು, ಗಣಕವನ್ನು ಮತ್ತೆ ಎಬ್ಬಿಸಿ, ಆ ಚಿಪ್ಪಿಗೆಂದೇ ಇರುವ ಕೊನೆಯ ಡ್ರೈವರನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಬೇಕು. 'ನಿಮ್ಮ ಎಲ್ಲ ಡ್ರೈವರುಗಳನ್ನೂ ಸರಿಪಡಿಸುತ್ತೇವೆ' ಎಂದು ಜಾಹೀರಾತು ಕೊಡುವ ಅಪರಿಚಿತ ತಂತ್ರಾಂಶಗಳನ್ನು ದೂರವಿಡುವುದೇ ಕ್ಷೇಮ.

ಪರಿಸರದ ಪ್ರಶ್ನೆ ಎದ್ದು ಕಾಣುವುದು ಇಲ್ಲಿಯೇ. ಕೊನೆಯ ಡ್ರೈವರ್ ಎಂದರೇನು? ತಯಾರಕರು ಆ ಚಿಪ್ಪಿನ ಹೊಣೆಯಿಂದ ಕೈ ತೊಳೆದುಕೊಂಡ ದಿನದ ಡ್ರೈವರ್. 2006ರಿಂದ ಕೆಲವು ವರ್ಷಗಳ ಕಾಲ ಮಾರಾಟವಾದ ಎನ್‌ವಿಡಿಯಾದ ಜಿಫೋರ್ಸ್ 8 ಮತ್ತು 9 ಸರಣಿಯ ಕಾರ್ಡುಗಳನ್ನು ಉದಾಹರಣೆಯಾಗಿ ನೋಡಬಹುದು. ವಿಂಡೋಸಿಗಾಗಿ ಅವುಗಳ ಕೊನೆಯ ಡ್ರೈವರ್ 2016ರ ಡಿಸೆಂಬರಿನದು. ಲಿನಕ್ಸಿಗಾಗಿ ಕಂಪೆನಿ ಕೊಟ್ಟ ಕೊನೆಯದು 2019ರ ಡಿಸೆಂಬರಿನದು. ಆ ಕಾರ್ಡುಗಳ ತಾಮ್ರ, ತವರ, ಚಿನ್ನದ ಲೇಪ ಯಾವುದೂ ಅಂದು ಸವೆಯಲಿಲ್ಲ. ಸವೆದುದು ತಯಾರಕರ ಆಸಕ್ತಿ.

ಕಾರ್ಯಾಚರಣೆ ವ್ಯವಸ್ಥೆಯ ಕಥೆಯೂ ಇದೇ. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲಿನಲ್ಲಿ, ವಿಂಡೋಸ್ 7ರದು 2020ರ ಜನವರಿಯಲ್ಲಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಬೇಡುವುದರಿಂದ ಚೆನ್ನಾಗಿ ನಡೆಯುತ್ತಿರುವ ಅಸಂಖ್ಯ ಗಣಕಗಳು ಅದಕ್ಕೆ ಅನರ್ಹವಾಗಿವೆ. ಒಂದು ದಿನಾಂಕ ನಡೆಯುತ್ತಿದ್ದ ಯಂತ್ರವನ್ನು ಕಸವಾಗಿಸುವುದಾದರೆ, ಆ ದಿನಾಂಕವನ್ನು ನಿಗದಿ ಮಾಡುವ ಕೋಣೆಯೂ ಪರಿಸರ ಚಳವಳಿಯ ಗಮನಕ್ಕೆ ಬರಬೇಕಾದ ಜಾಗವೇ.

ಡ್ರೈವರಿನ ಮೇಲಿನ ಈ ಹಿಡಿತವನ್ನು ಮೊದಲೇ ಪ್ರಶ್ನಿಸಿದವರಿದ್ದಾರೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಒಂದು ಲೇಸರ್ ಮುದ್ರಕ ಬಂದಿತು. ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ತಲುಪುವಂತೆ ಅದರ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್‌ಮನ್ ಬಯಸಿದರು. ಮೂಲ ಬರಹವನ್ನು ಕೊಡಲು ಅದನ್ನು ಉಳ್ಳವರು ನಿರಾಕರಿಸಿದರು. ಆ ನಿರಾಕರಣೆಯ ನೆನಪು 1983ರಲ್ಲಿ ಅವರು ಸಾರಿದ ಗ್ನೂ ಯೋಜನೆಯ ಹಿಂದೆ ಇದೆ. ಬಳಸುವವನಿಗೆ ತಿದ್ದುವ ಹಕ್ಕೂ ಇರಬೇಕೆಂಬ ಮುಕ್ತ ತಂತ್ರಾಂಶದ ಚಳವಳಿ ಬೆಳೆದುದು ಹೀಗೆ.

ಅದರ ಫಲ ಇಂದು ಹಳೆಯ ಗಣಕಗಳಿಗೆ ದೊರೆಯುತ್ತಿದೆ. ಎನ್‌ವಿಡಿಯಾ ತನ್ನ ಚಿಪ್ಪುಗಳ ವಿವರವನ್ನು ಬಿಟ್ಟುಕೊಡದಿದ್ದ ಕಾಲದಲ್ಲಿ ಹವ್ಯಾಸಿಗಳು ಆ ಚಿಪ್ಪುಗಳ ನಡವಳಿಕೆಯನ್ನು ಹೊರಗಿನಿಂದಲೇ ಗಮನಿಸಿ, ಊಹಿಸಿ, ಪರೀಕ್ಷಿಸಿ 'ನೂವೋ' ಎಂಬ ಮುಕ್ತ ಡ್ರೈವರನ್ನು ಬರೆದರು. 2010ರಲ್ಲಿ ಅದು ಲಿನಕ್ಸಿನ ತಿರುಳಿಗೇ ಸೇರಿತು. ಎಎಂಡಿ 2007ರಲ್ಲಿ ತನ್ನ ಚಿಪ್ಪುಗಳ ವಿವರಗಳನ್ನು ಪ್ರಕಟಿಸಲು ಮುಂದಾಯಿತು. ಇಂಟೆಲ್ ತಾನೇ ಮುಕ್ತ ಡ್ರೈವರುಗಳನ್ನು ಬರೆಯಿತು. ಹೀಗಾಗಿ ಈ ಮೂರೂ ಕಂಪೆನಿಗಳ ಹದಿನೈದು ವರ್ಷ ಹಿಂದಿನ ಬಹುತೇಕ ಚಿಪ್ಪುಗಳಿಗೆ ಲಿನಕ್ಸಿನಲ್ಲಿ ಡ್ರೈವರನ್ನು ಹುಡುಕಿ ಹಾಕುವ ಅಗತ್ಯವೇ ಇಲ್ಲ. ಅದು ಒಳಗೇ ಇದೆ. ಪೆನ್‌ಡ್ರೈವಿನಿಂದ ಏಳುವಾಗ ಪರದೆ ಕಪ್ಪಾದರೆ ಆರಂಭದ ಪಟ್ಟಿಯಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಅಥವಾ ಸೇಫ್ ಗ್ರಾಫಿಕ್ಸ್ ಎಂಬ ಆಯ್ಕೆಯನ್ನು ಪ್ರಯತ್ನಿಸಬೇಕು. 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್ ಇರುವ ಗಣಕದಲ್ಲಿ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯಂತಹ ಹಗುರವಾದುದು ನೆಮ್ಮದಿಯಾಗಿ ನಡೆಯುತ್ತದೆ. ಕನ್ನಡದಲ್ಲಿ ಬರೆಯಲು, ಅಡಿಕೆಯ ಲೆಕ್ಕ ಇಡಲು, ಮಕ್ಕಳ ಪಾಠಕ್ಕೆ, ಮಿಂಚಂಚೆಗೆ ಅದು ಧಾರಾಳವಾಗಿ ಸಾಕು.

ಮಿತಿಗಳನ್ನು ಮುಚ್ಚಿಡಬೇಕಾಗಿಲ್ಲ. ವೇಗದಲ್ಲಿ ನೂವೋ ಕಂಪೆನಿಯ ಡ್ರೈವರಿಗೆ ಸಮನಲ್ಲ. ಭಾರಿ ಆಟಗಳು ಅದರಲ್ಲಿ ನಡೆಯವು. ಬೆಂಬಲ ನಿಂತ ವಿಂಡೋಸನ್ನೇ ಇಟ್ಟುಕೊಂಡು ಅಂತರಜಾಲದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಸುರಕ್ಷಿತವಲ್ಲ. ನಿಜವಾಗಿಯೇ ಸತ್ತ ಚಿಪ್ಪುಗಳೂ ಇವೆ. 2008ರಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ತಯಾರಿಕೆಯ ವಸ್ತುವೇ ದುರ್ಬಲವಾಗಿತ್ತೆಂದು ಒಪ್ಪಿಕೊಂಡಿತ್ತು. ಅಂತಹವನ್ನು ಯಾವ ಡ್ರೈವರೂ ಬದುಕಿಸದು. ಸಿಡಿಲಿಗೆ ಸಿಕ್ಕ ಮದರ್‌ಬೋರ್ಡಿನ ಕತೆಯೂ ಅಷ್ಟೇ.

ಅಂತಹ ಯಂತ್ರವನ್ನಾದರೂ ಗುಜರಿಯವನ ಚೀಲಕ್ಕೆ ಹಾಕಬಾರದು. ದೆಹಲಿಯ ಸೀಲಂಪುರ ಮತ್ತು ಉತ್ತರ ಪ್ರದೇಶದ ಮೊರಾದಾಬಾದ್ ಇಂತಹ ಕಸವನ್ನು ಕೈಯಿಂದ ಒಡೆಯುವ ಜಾಗಗಳಾಗಿ ಹೆಸರಾಗಿವೆ. ತಂತಿಯ ಪ್ಲಾಸ್ಟಿಕ್ಕನ್ನು ಸುಟ್ಟು ತಾಮ್ರ ತೆಗೆಯುವಾಗ, ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವಾಗ ಹೊಗೆ ಕುಡಿಯುವವರು ಬಡವರು. ಅದರ ವಿಷ ಮಣ್ಣಿಗೂ ನದಿಗೂ ಇಳಿಯುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಸರಕಾರದ ನಿಯಮಗಳು ಈ ಕಸದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ; ನೋಂದಾಯಿತ ಘಟಕಗಳಿಗೆ ಮಾತ್ರ ಅದು ಸೇರಬೇಕು. ಒಂದು ಊರಿನವರು ಕಸವನ್ನು ಒಂದೆಡೆ ಒಣಗಿದ ಜಾಗದಲ್ಲಿ ಕೂಡಿಟ್ಟು ವರ್ಷಕ್ಕೊಮ್ಮೆ ಸಾಗಿಸುವುದು ಅಸಾಧ್ಯವೇನಲ್ಲ.

ಸಭಿಕರು ತಮ್ಮ ತಮ್ಮ ಊರಿಗೆ ಹಿಂತಿರುಗಿದ ಮೇಲೆ ಮಾಡಬಹುದಾದ ಕೆಲಸ ಸಣ್ಣದು. ಶಾಲೆಯಲ್ಲಿ, ಸಹಕಾರಿ ಸಂಘದಲ್ಲಿ, ಮನೆಯ ಅಟ್ಟದಲ್ಲಿ ಬಟ್ಟೆ ಮುಚ್ಚಿಕೊಂಡು ಕುಳಿತಿರುವ ಗಣಕಗಳನ್ನು ಲೆಕ್ಕ ಹಾಕಬೇಕು. ಪ್ರತಿಯೊಂದರ ಗ್ರಾಫಿಕ್ಸ್ ಚಿಪ್ಪು ಯಾವುದು, ಯಾವ ಡ್ರೈವರಿನಲ್ಲಿ ನಡೆಯಿತು, ಯಾವುದರಲ್ಲಿ ನಡೆಯಲಿಲ್ಲ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಒಬ್ಬರು ಎರಡು ದಿನ ಹೆಣಗಿ ಕಂಡುಕೊಂಡ ಉತ್ತರ ಪಕ್ಕದ ಊರಿನವರಿಗೆ ಎರಡು ನಿಮಿಷದಲ್ಲಿ ಸಿಗುವಂತಾಗಬೇಕು. ಊರಿಗೊಂದು ಪೆನ್‌ಡ್ರೈವ್, ಒಂದು ಕುಂಚ, ಒಂದು ರಬ್ಬರು, ಒಂದು ಪುಸ್ತಕ ಇದ್ದರೆ ಈ ಕೆಲಸವನ್ನು ಆರಂಭಿಸಬಹುದು. ಅದರಿಂದ ಉಳಿಯುವ ಪ್ರತಿಯೊಂದು ಗಣಕದ ಹಿಂದೆ ಎಲ್ಲಿಯೋ ತೋಡದೆ ಉಳಿದ ಒಂದಿಷ್ಟು ನೆಲ, ಎಲ್ಲಿಯೋ ಕೆಡದೆ ಉಳಿದ ಒಂದಿಷ್ಟು ನೀರು ಇರುತ್ತದೆ.