ಅವ್ರೇನ್ ನಮ್ ಬೀಗ್ರಾ? ಕೆಳ ಡಿವಿಷನ್ ಟೀಮಿಗೆ ಕೂಗಿದ ಒಂದು ಸೀಸನ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತಿನ ಮಾತು ನಮ್ಮಪ್ಪ ಕೇಳಿದ ಒಂದು ಪ್ರಶ್ನೆಯಿಂದ ಶುರು. 2025ರ ಏಪ್ರಿಲ್. ನಾನು ಊರಿನ ಮನೆ ಕಟ್ಟೆ ಮೇಲೆ ಮೊಬೈಲ್ ಹಿಡ್ಕೊಂಡು ಸಪ್ಪೆ ಮುಖ ಹಾಕ್ಕೊಂಡು ಕೂತಿದ್ದೆ. ಅಪ್ಪ ಹೊಲದಿಂದ ಬಂದು ಕಾಲು ತೊಳ್ಕೊಂಡು, ಒಂದು ಕ್ಷಣ ನನ್ನನ್ನೇ ನೋಡಿ ಕೇಳಿದ್ರು: "ಅಲ್ಲೋ, ಯಾರೋ ಸೋತ್ರು ಅಂತ ಹಿಂಗ್ ಕುಂತೀಯಲ್ಲ, ಅವ್ರೇನ್ ನಮ್ ಬೀಗ್ರಾ?"

ನನಗೆ ಉತ್ತರ ಹೊಳೀಲಿಲ್ಲ. ಈ ಸಂಚಿಕೆ ಆ ಉತ್ತರ ಹುಡುಕೋ ಪ್ರಯತ್ನ ಅಂದ್ಕೊಳ್ಳಿ.

ನಮ್ಮೂರು ಬಿಳಿಚೋಡು. ದಾವಣಗೆರೆ ಜಿಲ್ಲೆ, ಜಗಳೂರು ತಾಲ್ಲೂಕು. ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಬೆಳೆಯೋ ಒಣ ಸೀಮೆ. ಆಟ ಅಂದ್ರೆ ನಮ್ಮ ಕಡೆ ಕಬಡ್ಡಿ, ವಾಲಿಬಾಲ್, ಆಮೇಲೆ ಟೆನ್ನಿಸ್ ಬಾಲ್ ಕ್ರಿಕೆಟ್. ಫುಟ್‌ಬಾಲ್ ಅಂದ್ರೆ ನಾಲ್ಕು ವರ್ಷಕ್ಕೊಮ್ಮೆ ವರ್ಲ್ಡ್‌ಕಪ್ ಬಂದಾಗ ಮೆಸ್ಸಿ ಫೋಟೋ ಸ್ಟೇಟಸ್ ಹಾಕೋದು. ನಾನೂ ಅಷ್ಟೇ ಇದ್ದೆ. ಆಫ್‌ಸೈಡ್ ಅಂದ್ರೆ ಏನು ಅಂತ ಬೆಂಗಳೂರಿಗೆ ಬರೋವರೆಗೂ ನನಗೆ ಗೊತ್ತಿರಲಿಲ್ಲ.

ಬೆಂಗಳೂರಿಗೆ ಬಂದಿದ್ದು ಗೋದಾಮಿನ ಕೆಲಸಕ್ಕೆ. ಆನ್‌ಲೈನ್ ಆರ್ಡರ್‌ಗಳನ್ನ ವಿಂಗಡಿಸೋದು, ಪ್ಯಾಕ್ ಮಾಡೋದು. ರಾತ್ರಿ ಪಾಳಿ, ಹನ್ನೊಂದು ತಿಂಗಳ ಕಾಂಟ್ರಾಕ್ಟು. ಬೆಳಿಗ್ಗೆ ಬಂದು ಮಲಗಿದ್ರೆ ಮಧ್ಯಾಹ್ನ ಎಚ್ಚರ. ಊರಿನ ಗೆಳೆಯರೆಲ್ಲ ಹಗಲು ಕೆಲಸದಲ್ಲಿ. ಬೆಂಗಳೂರಿನ ಮಧ್ಯಾಹ್ನ ಮೂರು ಗಂಟೆ ಅನ್ನೋದು ಒಬ್ಬಂಟಿ ಇರೋನಿಗೆ ಎಷ್ಟು ಉದ್ದ ಅಂತ ಅನುಭವಿಸಿದವರಿಗೇ ಗೊತ್ತು.

ಹಾಗೊಂದು ಮಧ್ಯಾಹ್ನ ಎಂ.ಜಿ. ರೋಡ್ ಮೆಟ್ರೋ ಇಳಿದು ಸುಮ್ನೆ ನಡೀತಾ ಅಶೋಕನಗರದ ಕಡೆ ಹೋದೆ. ಗರುಡಾ ಮಾಲ್ ಹತ್ರ ಎತ್ತರದ ಗೋಡೆ, ಒಳಗಿಂದ ವಿಷಲ್ ಸದ್ದು, ಯಾರೋ ಜೋರಾಗಿ ಬೈಯೋ ಸದ್ದು. ಗೇಟ್ ತೆರೆದಿತ್ತು. ಟಿಕೆಟ್ ಕೇಳೋರೂ ಇರಲಿಲ್ಲ. ಒಳಗೆ ಹೋದ್ರೆ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಹಸಿರು ಕೃತಕ ಹುಲ್ಲು, ಉದ್ದಕ್ಕೂ ಕಾಂಕ್ರೀಟ್ ಮೆಟ್ಟಿಲು, ಅಲ್ಲಲ್ಲಿ ನೂರೋ ಇನ್ನೂರೋ ಜನ. ಅಲ್ಲಿ ನಡೀತಿದ್ದದ್ದು ಸೂಪರ್ ಡಿವಿಷನ್ ಪಂದ್ಯ.

ಸೂಪರ್ ಡಿವಿಷನ್ ಅಂದ್ರೆ ಹೆಸರು ದೊಡ್ಡದು, ಆದ್ರೆ ಅದು ಬೆಂಗಳೂರಿನ ಸ್ಥಳೀಯ ಲೀಗ್. ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳಿವೆ. ಆಗ ಮೇಲೆ ಹೋಗ್ಬೇಕಂದ್ರೆ ಐ-ಲೀಗ್ 3, ಐ-ಲೀಗ್ 2, ಐ-ಲೀಗ್, ಅದರ ಮೇಲೆ ನೀವು ಟಿವಿಯಲ್ಲಿ ನೋಡೋ ಐಎಸ್‌ಎಲ್ ಇತ್ತು. ಈ ಏಣಿ ಪೂರ್ತಿ ಜೋಡಣೆ ಆಗಿದ್ದೇ ಇತ್ತೀಚೆಗೆ. ಐ-ಲೀಗ್ ಗೆದ್ದು ಐಎಸ್‌ಎಲ್‌ಗೆ ಹತ್ತಿದ ಮೊದಲ ಟೀಮ್ 2023ರಲ್ಲಿ ಪಂಜಾಬ್, ಮುಂದಿನ ವರ್ಷ ಕೋಲ್ಕತ್ತಾದ ಮೊಹಮ್ಮಡನ್.

ಆ ಮೆಟ್ಟಿಲ ಮೇಲೆ ನನ್ನ ಪಕ್ಕ ಒಬ್ರು ತಾತ ಕೂತಿದ್ರು. ಕೈಯಲ್ಲಿ ಪೇಪರ್ ಪೊಟ್ಟಣದ ಕಡ್ಲೆಕಾಯಿ. ಗೌತಮಪುರದವರು. ಹಲಸೂರಿನ ಹತ್ರದ ಆ ಏರಿಯಾದಲ್ಲಿ ಅಂಬೇಡ್ಕರ್ ಜೊತೆಗೆ ಪೆಲೆಯದ್ದೂ ಒಂದು ಪ್ರತಿಮೆ ಇದೆ. ನಂಬಿಕೆ ಇಲ್ಲದಿದ್ರೆ ಹೋಗಿ ನೋಡ್ಕೊಂಡು ಬನ್ನಿ. ಅಲ್ಲಿನ ಮಕ್ಕಳು ನಡೆಯೋಕೆ ಕಲಿಯೋ ಮೊದಲು ಚೆಂಡು ಒದೀತಾರೆ ಅಂತ ತಾತ ಹೇಳಿದ್ರು. ಅವರು ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು.

"ಯಾವ ಟೀಮು ಮಗಾ ನಿಂದು?" ಅಂದ್ರು.

"ಯಾವ್ದೂ ಇಲ್ಲ ತಾತ, ಸುಮ್ನೆ ಬಂದೆ."

"ಸುಮ್ನೆ ನೋಡಿದ್ರೆ ಮಜಾ ಇಲ್ಲ. ಒಂದು ಕಡೆ ಸೇರ್ಕೋ."

ಸೇರ್ಕೊಂಡೆ. ಆ ದಿನ ಆಡ್ತಿದ್ದ ಎರಡು ಟೀಮಲ್ಲಿ ಹತ್ತಿರದ ಬೆಂಚಿನವರು ಯಾರೋ ಅವರು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು, ಎಲ್ಲರೂ ಕರೆಯೋದು ಎಸ್‌ಸಿ ಬೆಂಗಳೂರು. ನೋಡಿ, ಬಹಳ ಜನ ಟೀಮನ್ನ ಆರಿಸ್ಕೊಳ್ಳೋದು ಹೀಗೇ. ಲೆಕ್ಕಾಚಾರ ಏನೂ ಇರಲ್ಲ.

ತಾತನಿಂದ ನನಗೆ ಸಿಕ್ಕಿದ ಇತಿಹಾಸ ಯಾವ ರೀಲ್ಸಲ್ಲೂ ಸಿಗಲ್ಲ. ಈ ಲೀಗಿನ ಹಳೇ ಹೆಸರುಗಳನ್ನ ಕೇಳಿ: ಎಚ್‌ಎಎಲ್, ಐಟಿಐ, ಎಂಇಜಿ. ಕಾರ್ಖಾನೆ, ಟೆಲಿಫೋನ್ ಕಂಪನಿ, ಸೈನ್ಯದ ದಳ. ಹುಡುಗ ಚೆನ್ನಾಗಿ ಆಡಿದ್ರೆ ಕಾರ್ಖಾನೆಯಲ್ಲಿ ಕಾಯಂ ಕೆಲಸ. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಡ್ಯೂಟಿ. ಮೂವತ್ತೈದಕ್ಕೆ ಮಂಡಿ ಹೋದ್ರೂ ಸಂಬಳ ಹೋಗ್ತಿರಲಿಲ್ಲ, ಆಟ ಬಿಟ್ಟ ಮೇಲೂ ಪೆನ್ಷನ್. ಬೆಂಗಳೂರಿನ ಎಷ್ಟೋ ಬಡ ಮನೆಗಳಿಗೆ ಫುಟ್‌ಬಾಲು ಅನ್ನ ಹಾಕಿದ್ದು ಹೀಗೆ.

1948ರ ಲಂಡನ್ ಒಲಿಂಪಿಕ್ಸಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಫ್ರಾನ್ಸ್ ವಿರುದ್ಧ. ಆ ಪಂದ್ಯದಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ರು. 2–1ರಲ್ಲಿ ಸೋತ್ರು. ಇದನ್ನ ಹೇಳುವಾಗ ತಾತ "ಸೋತ್ರು" ಅನ್ನೋ ಪದ ಬಂದಾಗ ದನಿ ಇಳಿಸಲಿಲ್ಲ. ಗೋಲು ಅಂದಾಗ ಮಾತ್ರ ಏರಿಸಿದ್ರು.

ಎಚ್‌ಎಎಲ್ ಕಥೆ ಅವರಿಗೆ ಮೈಯೆಲ್ಲಾ ನೆನಪು. 2010ರಲ್ಲಿ ಎರಡನೇ ಡಿವಿಷನ್‌ನಿಂದ ಐ-ಲೀಗ್‌ಗೆ ಹತ್ತಿದ ಕಾರ್ಖಾನೆ ಟೀಮ್. ದುಡ್ಡಿರೋ ಕ್ಲಬ್‌ಗಳ ಎದುರು ಎರಡು ಸೀಸನ್ ಆಡಿ 2012ರಲ್ಲಿ ಕೆಳಗಿಳೀತು. ಮಾರನೇ ವರ್ಷ, 2013ರಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿತು. ಅದು ಏಣಿ ಹತ್ತಲಿಲ್ಲ, ನೇರವಾಗಿ ಐ-ಲೀಗ್‌ಗೆ ಬಂತು. ಇದೇ ಅಶೋಕನಗರದ ಮೈದಾನದಲ್ಲಿ ಆಡಿ ಮೊದಲ ಸೀಸನ್‌ನಲ್ಲೇ ಚಾಂಪಿಯನ್ ಆಯ್ತು, ಆಮೇಲೆ ಕಂಠೀರವಕ್ಕೆ ಹೋಯ್ತು. ಜನಾನೂ ಅದರ ಹಿಂದೆ ಹೋದ್ರು. ತಾತ ಮಾತ್ರ ಇಲ್ಲೇ ಉಳಿದ್ರು.

"ಯಾಕೆ ತಾತ ನೀವು ಹೋಗ್ಲಿಲ್ಲ?"

"ಕಂಠೀರವದಲ್ಲಿ ಟ್ರ್ಯಾಕ್ ಅಡ್ಡ ಬರುತ್ತೆ ಮಗಾ. ಬೈದ್ರೆ ಆಟಗಾರನಿಗೆ ಕೇಳಿಸಲ್ಲ."

ಅದು ನಿಜ. ಇಲ್ಲಿ ಎಲ್ಲವೂ ಕೇಳಿಸುತ್ತೆ. ಗೋಲ್‌ಕೀಪರ್ ತನ್ನ ಡಿಫೆಂಡರ್‌ಗಳಿಗೆ ಕನ್ನಡ, ತಮಿಳು, ಹಿಂದಿ, ಮಲಯಾಳಂ ನಾಲ್ಕರಲ್ಲೂ ಕೂಗೋದು. ಚೆಂಡು ಕಂಬಕ್ಕೆ ಬಡಿಯೋ ಟಣ್ ಅನ್ನೋ ಸದ್ದು. ಹಾಫ್‌ಟೈಮಲ್ಲಿ ಹೊರಗೆ ಟೀ ಕುಡಿಯೋಕೆ ಬಂದ್ರೆ ಪಕ್ಕದಲ್ಲಿ ನಿಂತಿರೋನು ಹೋದ ವಾರ ಗೋಲ್ ಹೊಡೆದ ಹುಡುಗ, ಇವತ್ತು ಕಾರ್ಡ್ ಸಿಕ್ಕಿ ಹೊರಗೆ ಕೂತವನು. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನ 3–2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗ ಎಷ್ಟು ಜನಕ್ಕೆ ಗೊತ್ತಾಯ್ತು? ಐವತ್ನಾಲ್ಕು ವರ್ಷದ ನಂತರ ಬಂದ ಕಪ್ಪು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಆ ಫೈನಲ್ ನಮ್ಮ ರೂಮಲ್ಲಿ ನಾನೊಬ್ಬನೇ ಮೊಬೈಲಲ್ಲಿ ನೋಡಿದೆ. ರಾಬಿನ್ ಯಾದವ್ ಫ್ರೀಕಿಕ್ ಒಳಗೆ ಹೋದಾಗ ಕೂಗಿದ್ದಕ್ಕೆ ಪಕ್ಕದ ರೂಮಿನವರು ಗೋಡೆ ಬಡಿದ್ರು.

ಸರಿ, ನಮ್ಮ ಟೀಮಿಗೆ ಬರೋಣ. 2024ರಲ್ಲಿ ಎಸ್‌ಸಿ ಬೆಂಗಳೂರು ಐ-ಲೀಗ್ 2 ಗೆದ್ದಿತು. ಎರಡನೇ ಸ್ಥಾನ ಗೋವಾದ ಡೆಂಪೊಗೆ, ಐ-ಲೀಗ್ ಅನ್ನ ಹಲವು ಸಲ ಗೆದ್ದಿದ್ದ ಡೆಂಪೊಗೆ. ಎಚ್‌ಎಎಲ್ ಆದ ಮೇಲೆ ಏಣಿ ಹತ್ತಿ ಐ-ಲೀಗ್ ಮುಟ್ಟಿದ ಬೆಂಗಳೂರಿನ ಟೀಮ್ ನಮ್ಮದು. ತಾತ ಆ ವಾರ ಕಡ್ಲೆಕಾಯಿ ಬದಲು ಮೈಸೂರ್‌ಪಾಕ್ ತಂದಿದ್ರು.

ಆಮೇಲೆ ಶುರುವಾಯ್ತು ನಿಜವಾದ ಸೀಸನ್. 2024ರ ನವೆಂಬರ್‌ನಿಂದ 2025ರ ಏಪ್ರಿಲ್‌ವರೆಗೆ. ಹನ್ನೆರಡು ಟೀಮ್, ಒಬ್ಬೊಬ್ಬರಿಗೆ 22 ಪಂದ್ಯ. ಶ್ರೀನಗರದಲ್ಲಿ ರಿಯಲ್ ಕಾಶ್ಮೀರ್, ಮಿಜೋರಾಂನಲ್ಲಿ ಐಜಾಲ್, ಮೇಘಾಲಯದಲ್ಲಿ ಶಿಲ್ಲಾಂಗ್ ಲಾಜಾಂಗ್, ಕೇರಳದಲ್ಲಿ ಗೋಕುಲಂ, ಗೋವಾದಲ್ಲಿ ಚರ್ಚಿಲ್ ಬ್ರದರ್ಸ್. ಭಾರತದ ಭೂಪಟ ನಾನು ಸ್ಕೂಲಲ್ಲಿ ಕಲಿತಿದ್ದಕ್ಕಿಂತ ಆ ಆರು ತಿಂಗಳಲ್ಲಿ ಹೆಚ್ಚು ಕಲಿತೆ. ಬೆಂಗಳೂರಿನ ಪಂದ್ಯ ಇದ್ರೆ ಮೆಟ್ಟಿಲ ಮೇಲೆ, ಹೊರಗಡೆ ಇದ್ರೆ ಮೊಬೈಲಲ್ಲಿ. ರಾತ್ರಿ ಪಾಳಿಯವನಿಗೆ ಮಧ್ಯಾಹ್ನದ ಪಂದ್ಯ ಅಂದ್ರೆ ನಿದ್ದೆ ಖೋತಾ. ಎರಡು ಸಲ ಪ್ಯಾಕಿಂಗ್ ಟೇಬಲ್ ಮೇಲೇ ತೂಕಡಿಸಿ ಸೂಪರ್‌ವೈಸರ್ ಕೈಲಿ ಬೈಸ್ಕೊಂಡೆ.

ಟೀಮು ಸೋಲ್ತಾ ಹೋಯ್ತು. ಸುಳ್ಳು ಹೇಳಲ್ಲ, ಎದುರಾಳಿಗಳು ಬಲವಾಗಿದ್ರು. ಹತ್ತಿದ ಮೆಟ್ಟಿಲಲ್ಲಿ ಆಟದ ವೇಗವೇ ಬೇರೆ. ಕೆಳಗೆ ಎರಡು ಕ್ಷಣ ಸಿಗ್ತಿದ್ದ ಜಾಗದಲ್ಲಿ ಇಲ್ಲಿ ಅರ್ಧ ಕ್ಷಣ. ಕೊನೆ ಹತ್ತು ನಿಮಿಷದಲ್ಲಿ ಕಾಲು ಭಾರ, ಅಲ್ಲೇ ಗೋಲು ಬಿಟ್ಟುಕೊಡೋದು. ಫೆಬ್ರವರಿ ಹೊತ್ತಿಗೆ ನಾನು ಪಾಯಿಂಟ್ಸ್ ಪಟ್ಟಿಯನ್ನ ಕೆಳಗಿನಿಂದ ಓದೋಕೆ ಶುರು ಮಾಡಿದ್ದೆ. ನಾವು ಎಷ್ಟನೆಯವರು ಅನ್ನೋದಕ್ಕಿಂತ ಐಜಾಲ್ ಇವತ್ತು ಸೋತ್ರಾ ಅನ್ನೋದೇ ಚಿಂತೆ. ಯಾರಿಗೂ ಕೆಟ್ಟದ್ದು ಬಯಸಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದು. ಕ್ಷಮಿಸಮ್ಮ.

ಅದೇ ಮಾರ್ಚ್‌ನಲ್ಲಿ ಇನ್ನೊಂದು ಆಯ್ತು. ನನ್ನ ಕಾಂಟ್ರಾಕ್ಟ್ ಮುಗೀತು, ಮುಂದುವರಿಸಲಿಲ್ಲ. ಒಂದು ಮೆಸೇಜು, ಅಷ್ಟೇ. ನಾನು ಮಾತ್ರ ಅಲ್ಲ, ನಮ್ಮ ಪಾಳಿಯಲ್ಲಿ ಹಲವರದ್ದು. ಮನೆಗೆ ಹೇಳೋಕೆ ನಾಚಿಕೆ. ಹತ್ತು ದಿನ ಕೆಲಸಕ್ಕೆ ಹೋಗೋನ ಥರ ಟೈಮಿಗೆ ಸರಿಯಾಗಿ ರೂಮಿಂದ ಹೊರಟು, ಅಲ್ಲಿ ಇಲ್ಲಿ ಕೂತು ಬರ್ತಿದ್ದೆ. ತಾತನಿಗೆ ಮಾತ್ರ ಹೇಳಿದೆ.

ತಾತ ಮೈದಾನದ ಕಡೆ ಕೈ ತೋರಿಸಿದ್ರು. "ಆ ಹುಡುಗ್ರದ್ದೂ ಅದೇ ಕಥೆ ಮಗಾ. ಟೀಮು ಇಳಿದ್ರೆ ಮುಂದಿನ ವರ್ಷ ಯಾರಿಗೆ ಕೆಲಸ ಇರುತ್ತೆ, ಯಾರಿಗೆ ಇಲ್ಲ, ಅವ್ರಿಗೇ ಗೊತ್ತಿಲ್ಲ. ನಮ್ ಕಾಲದಲ್ಲಿ ಸೋತ್ರೆ ಬೇಜಾರು ಇತ್ತು. ಮನೇಗೆ ಅಕ್ಕಿ ಇಲ್ಲ ಅನ್ನೋ ಭಯ ಇರಲಿಲ್ಲ."

ಅವತ್ತು ನಾನು ಆಟವನ್ನ ಬೇರೆ ಥರ ನೋಡಿದೆ. 80ನೇ ನಿಮಿಷದಲ್ಲಿ ಎರಡು ಗೋಲು ಹಿಂದಿದ್ರೂ ಒಬ್ಬ ಹುಡುಗ ಲೈನ್ ದಾಟಿ ಹೋಗ್ತಿದ್ದ ಚೆಂಡಿಗೆ ಜಾರಿ ಬಿದ್ದ. ಚೆಂಡು ಸಿಗಲಿಲ್ಲ. ಕೃತಕ ಹುಲ್ಲಿಗೆ ಉಜ್ಜಿ ತೊಡೆಯ ಚರ್ಮ ಕಿತ್ತು ಬಂದಿತ್ತು. ಎದ್ದು ಮತ್ತೆ ಓಡಿದ. ಇಷ್ಟು ದಿನ ನಾನು "ಥೂ, ಬಿಟ್ಟ" ಅಂತಿದ್ದೆ. ಅವತ್ತು ಸುಮ್ಮನೆ ಚಪ್ಪಾಳೆ ಹೊಡೆದೆ.

ಏಪ್ರಿಲ್‌ನಲ್ಲಿ ಲೀಗ್ ಮುಗೀತು. ಡೆಲ್ಲಿ ಎಫ್‌ಸಿ ಜೊತೆ ನಾವೂ ಕೆಳಗಿಳಿದ್ವಿ. ಒಂದೇ ವರ್ಷ. ಮಜಾ ಏನು ಗೊತ್ತಾ? ಮೊದಲ ಸ್ಥಾನ ಯಾರದ್ದು ಅಂತ ತೀರ್ಮಾನ ಆಗಿದ್ದು ಜುಲೈನಲ್ಲಿ, ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದಲ್ಲಿ. ಚರ್ಚಿಲ್ ಬ್ರದರ್ಸ್ ಅಲ್ಲ, ಇಂಟರ್ ಕಾಶಿ ಚಾಂಪಿಯನ್ ಅಂತ ತೀರ್ಪು ಬಂತು. ಅದೇ ಜುಲೈನಲ್ಲಿ ಹಕ್ಕುಗಳ ಒಪ್ಪಂದದ ಗೊಂದಲದಿಂದ ಐಎಸ್‌ಎಲ್ಲೇ ತಡೆಹಿಡಿಯಲ್ಪಟ್ಟಿತು. ಅಂದ್ರೆ ಏಣಿಯ ತುದಿ ಅಲ್ಲಾಡಿದಾಗ ಕೆಳಗಿನ ಮೆಟ್ಟಿಲ ಹುಡುಗರ ಗತಿ ಏನು ಅಂತ ನೀವೇ ಯೋಚಿಸಿ.

ನಾನು ಅಷ್ಟೊತ್ತಿಗೆ ಬಿಳಿಚೋಡಿಗೆ ಬಂದಿದ್ದೆ. ಕಟ್ಟೆ ಮೇಲೆ ಕೂತಿದ್ದಾಗ ಅಪ್ಪ ಕೇಳಿದ ಪ್ರಶ್ನೆಯೇ ಮೊದಲಿಗೆ ಹೇಳಿದ್ದು. ಅವರಿಗೆ ಫುಟ್‌ಬಾಲ್ ಬೇಜಾರು ಮಾತ್ರ ಕಾಣಿಸಿತ್ತು. ಕೆಲಸ ಹೋಗಿದ್ದು ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅಪ್ಪ ರೊಟ್ಟಿ ಮುರೀತಾ, "ಇದನ್ನ ಮೊದ್ಲು ಹೇಳೋದಲ್ವೇನೋ" ಅಂದ್ರು. ಅಷ್ಟೇ. ಅಮ್ಮ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ್ರು.

ಆ ಮುಂಗಾರಲ್ಲಿ ಹೊಲದ ಕೆಲಸಕ್ಕೆ ನಿಂತೆ. ಹಾಕಿದ ಮೆಕ್ಕೆಜೋಳದ ಬೀಜ ಒಂದು ಭಾಗದಲ್ಲಿ ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಅಪ್ಪ ಮತ್ತೆ ಬೀಜ ತಂದ್ರು, ಮತ್ತೆ ಬಿತ್ತಿದ್ವಿ. ನಾನು ಕೇಳಿದೆ, "ಇದ್ರಲ್ಲಿ ಲಾಭ ಬರ್ತತಾ ಅಪ್ಪಾಜಿ?"

"ಬರಾಕಿಲ್ಲ ಅನ್ಸತತಿ. ಹಂಗಂತ ಬೀಳು ಬಿಟ್ಟು ದಿನಾ ಅದನ್ನ ನೋಡ್ಕೊಂತ ಕುಂದ್ರಾಕ ಆಗ್ತತಾ?"

ಅಕ್ಕನ ಮಗ ಏಳನೇ ಕ್ಲಾಸು. ಅವನಿಗೆ ಒಂದು ಫುಟ್‌ಬಾಲ್ ತಂದುಕೊಟ್ಟೆ. ಕ್ರಿಕೆಟ್ ಹುಡುಗರು ಎದ್ದು ಹೋದ ಮೇಲೆ ಸಂಜೆ ಅರ್ಧ ಗಂಟೆ ಮೈದಾನ ನಮ್ಮದು. ಎರಡು ಕಡೆ ಚಪ್ಪಲಿ ಇಟ್ರೆ ಗೋಲು. ಮೊದಲ ವಾರ ನಾಲ್ಕು ಮಕ್ಕಳು, ತಿಂಗಳಾಗೋ ಹೊತ್ತಿಗೆ ಹನ್ನೊಂದು. ಇವರಲ್ಲಿ ಯಾರಾದ್ರೂ ದೊಡ್ಡ ಆಟಗಾರ ಆಗ್ತಾರೆ ಅಂತ ಹೇಳೋಕೆ ಇದು ಸಿನಿಮಾ ಅಲ್ಲ. ಆದ್ರೆ ಆಫ್‌ಸೈಡ್ ಏನು ಅಂತ ಈಗ ನಮ್ಮೂರಲ್ಲಿ ಹನ್ನೊಂದು ಜನಕ್ಕೆ ಗೊತ್ತು.

ಈಗ ಮತ್ತೆ ಬೆಂಗಳೂರಲ್ಲಿದ್ದೀನಿ, ಬೇರೆ ಕೆಲಸ. ಇದೂ ಕಾಂಟ್ರಾಕ್ಟೇ. ಬಿಡುವು ಸಿಕ್ಕಾಗ ಅದೇ ಗೇಟು, ಅದೇ ಮೆಟ್ಟಿಲು. ಸೂಪರ್ ಡಿವಿಷನ್ ಆಗಲಿ, ಬಿ ಡಿವಿಷನ್ ಆಗಲಿ. ತಾತನಿಗೆ ಕಣ್ಣಿನ ಆಪರೇಷನ್ ಆಗಿದೆ. ದೂರದ ಗೋಲು ಈಗ ಚೆನ್ನಾಗಿ ಕಾಣುತ್ತೆ, ಅದಕ್ಕೇ ಬೈಗುಳ ಜಾಸ್ತಿ ಆಗಿದೆ.

ನಿಮಗೆ ನಾನು ಹೇಳೋದು ಇಷ್ಟೇ. ರಾತ್ರಿ ಒಂದೂವರೆಗೆ ಎದ್ದು ಯುರೋಪಿನ ಪಂದ್ಯ ನೋಡಿ, ಬೇಡ ಅನ್ನಲ್ಲ. ಅಲ್ಲಿನ ಕ್ಲಬ್ಬಿಗೆ ನೀವು ಕೋಟಿ ಜನರಲ್ಲಿ ಒಬ್ಬರು. ಇಲ್ಲಿ ಇನ್ನೂರರಲ್ಲಿ ಒಬ್ಬರು, ನೀವು ಹೋಗದಿದ್ರೆ ನೂರಾ ತೊಂಬತ್ತೊಂಬತ್ತು. ಇಂಗ್ಲೆಂಡಲ್ಲಿ 2002ರಲ್ಲಿ ವಿಂಬಲ್ಡನ್ ಕ್ಲಬ್ಬನ್ನ ಬೇರೆ ಊರಿಗೆ ಸಾಗಿಸೋಕೆ ಒಪ್ಪಿಗೆ ಸಿಕ್ಕಾಗ, ಅಭಿಮಾನಿಗಳೇ ಸೇರಿ ಹೊಸ ಕ್ಲಬ್ ಕಟ್ಟಿ, ತೀರಾ ಕೆಳಗಿನ ಡಿವಿಷನ್‌ನಿಂದ ಆಡಿಸಿ, 2020ರಲ್ಲಿ ತಮ್ಮ ಏರಿಯಾಗೇ ವಾಪಸ್ ಕರ್ಕೊಂಡು ಬಂದ್ರು. ನಮ್ಮಿಂದ ಅಷ್ಟೆಲ್ಲ ಆಗದಿದ್ರೂ ಒಂದು ಶನಿವಾರದ ಮಧ್ಯಾಹ್ನ ಆಗುತ್ತೆ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಕಟ್ಟೆ ಮೇಲೆ ಕೂತು ಮೊಬೈಲಲ್ಲಿ ಹಳೇ ಪಂದ್ಯ ಹಾಕಿದ್ದೆ. ಅಪ್ಪ ಎಲೆ ಅಡಿಕೆ ಮಡಿಚ್ಕೊಂಡು ಬಂದು ಪಕ್ಕದಲ್ಲಿ ಕೂತ್ರು. ಸ್ವಲ್ಪ ಹೊತ್ತು ಸುಮ್ನೆ ನೋಡಿದ್ರು. ಆಮೇಲೆ ಮೊಬೈಲನ್ನ ಸ್ವಲ್ಪ ತಮ್ಮ ಕಡೆ ವಾಲಿಸ್ಕೊಂಡು ಕೇಳಿದ್ರು:

"ಇದ್ರಾಗ ನಮ್ಮೋರು ಯಾವ ಬಣ್ಣ?"