ರೆಕ್ಕೆಯೊಳಗಿನ ತಂತಿ
(ವಾದಿ ಅದಾಯ್‌ನಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ವಾದಿ ಅದಾಯ್‌ನ ಈ ಬೋಳುಗುಡ್ಡಗಳ ನಡುವೆ ಇಷ್ಟು ಜನ ಒಂದೆಡೆ ಕುಳಿತು ಕನ್ನಡದ ಮಾತನ್ನು ಕೇಳುವುದೇ ಒಂದು ಹಬ್ಬ. ಇಲ್ಲಿಗೆ ಸಮೀಪದ ರೂವಿಯಲ್ಲಿ, ಇಂದು ಬ್ಯಾಂಕುಗಳೂ ಅಂಗಡಿಗಳೂ ತುಂಬಿರುವ ಬಯಲಿನಲ್ಲಿ, ಹಿಂದೆ ಬೈತ್ ಅಲ್ ಫಲಜ್ ಎಂಬ ವಿಮಾನದಾಣವಿತ್ತು. 1973ರಲ್ಲಿ ಸೀಬ್‌ನ ನಿಲ್ದಾಣ ತೆರೆಯುವವರೆಗೆ ಮಸ್ಕತ್ತಿನ ವಿಮಾನಗಳು ಈ ಗುಡ್ಡಗಳ ನಡುವೆಯೇ ಇಳಿಯಬೇಕಿತ್ತು. ನಮ್ಮ ನಾಡಿಗೂ ವಿಮಾನದ ನಂಟು ಹಳೆಯದು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು, ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಅಲ್ಲಿಯೇ ಹಾರಿತು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಹಂಸ 1993ರಲ್ಲಿ ಮೇಲೇರಿತು. ಆದುದರಿಂದ ನಮ್ಮ ಮಕ್ಕಳು ಮನೆಯ ಮೇಜಿನ ಮೇಲೆ ಥರ್ಮೋಕೋಲ್ ಹರಡಿಕೊಂಡು ಮಾದರಿ ವಿಮಾನ ಮಾಡಹೊರಟರೆ ಅದು ಪರಕೀಯ ಹವ್ಯಾಸವೇನೂ ಅಲ್ಲ.

ಇಂದು ನಾವು ಆರಿಸಿಕೊಂಡ ವಿಷಯ ಅತಿ ಸಣ್ಣದು: ಥರ್ಮೋಕೋಲಿನ ರೆಕ್ಕೆಯೊಳಗೆ ಸರ್ವೊ ತಂತಿಯನ್ನು ಹಾಯಿಸುವ ಬಗೆ. ಇಷ್ಟು ಸಣ್ಣ ವಿಷಯಕ್ಕೆ ಒಂದು ಉಪನ್ಯಾಸವೇ ಎಂದು ತಾವು ಕೇಳಬಹುದು. ಅದಕ್ಕೆ ಉತ್ತರವಾಗಿ ನಮ್ಮದೇ ತಪ್ಪೊಂದನ್ನು ಮೊದಲು ಒಪ್ಪಿಸಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ, ಊರಿನ ಒಣಗಿದ ಕೆರೆಯಂಗಳದಲ್ಲಿ ನಾವೊಂದು ಮಾದರಿಯನ್ನು ಹಾರಿಸುತ್ತಿದ್ದೆವು. ರೆಕ್ಕೆಯ ಅಗಲ ಒಂದೂವರೆ ಮೀಟರ್. ಸರ್ವೊ ತಂತಿ ಸಾಲದೆ ಬಂದಾಗ ರೆಕ್ಕೆಯ ನಡುವೆಯೇ ಪ್ಲಗ್ಗಿನಿಂದ ಜೋಡಿಸಿ, ಮೇಲೆ ಅಂಟು ಸುರಿದು ಮುಚ್ಚಿಬಿಟ್ಟಿದ್ದೆವು. ಆ ದಿನ ಬೆಳಿಗ್ಗೆ ಎಡಗಡೆಯ ಐಲರಾನ್ ಎರಡು ಬಾರಿ ನಡುಗಿದ್ದನ್ನು ಕಂಡೆವು. ಜೋಡಣೆಯನ್ನು ನೋಡಬೇಕೆಂದರೆ ರೆಕ್ಕೆಯನ್ನೇ ಸೀಳಬೇಕಿತ್ತು. ಮಕ್ಕಳು ಕಾದು ನಿಂತಿದ್ದರು. ಹಾರಿಸಿದೆವು. ಮೂರನೆಯ ಸುತ್ತಿನಲ್ಲಿ ಆ ಐಲರಾನ್ ಎದ್ದ ಭಂಗಿಯಲ್ಲೇ ನಿಂತುಹೋಯಿತು; ವಿಮಾನ ಮಗುಚಿ, ಮಕ್ಕಳು ನಿಂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನೆಲಕ್ಕಪ್ಪಳಿಸಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಇಪ್ಪತ್ತು ಹೆಜ್ಜೆಗಳನ್ನು ನಾವು ಇಂದಿಗೂ ಮರೆತಿಲ್ಲ. ಕೆಟ್ಟದ್ದು ಪ್ಲಗ್ಗೊಂದೇ ಅಲ್ಲ. ಪರೀಕ್ಷಿಸುವ ದಾರಿಯನ್ನು ನಾವೇ ಮುಚ್ಚಿಕೊಂಡಿದ್ದುದು ನಿಜವಾದ ದೋಷ.

ಆದುದರಿಂದ ನಮ್ಮ ಮಾತಿನ ಸಾರ ಇಷ್ಟೆ: ರೆಕ್ಕೆಯೊಳಗೆ ಹೂಳಬೇಕಾದುದು ತಂತಿಯನ್ನಲ್ಲ, ತಂತಿಯ ದಾರಿಯನ್ನು.

ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಲಂಗಕ್ಕೆ ಲಾಡಿ ಪೋಣಿಸುವಾಗ ತುದಿಗೆ ಪಿನ್ನು ಸಿಕ್ಕಿಸಿ ನೇಫೆಯೊಳಗೆ ದೂಡುತ್ತೀರಿ. ಹಳೆಯ ಲಾಡಿ ಸವೆದರೆ ಅದರ ತುದಿಗೇ ಹೊಸತನ್ನು ಕಟ್ಟಿ ಎಳೆಯುತ್ತೀರಿ. ಲಾಡಿಯನ್ನು ಬಟ್ಟೆಗೆ ಹೊಲಿದುಬಿಟ್ಟರೆ ಅದು ಸಾಧ್ಯವೆ? ಇಲ್ಲಿನ ಕಟ್ಟಡಗಳಲ್ಲಿ ವಿದ್ಯುತ್ ಕೆಲಸ ಮಾಡುವ ನಮ್ಮ ಸೋದರರೂ ಗೋಡೆಯೊಳಗೆ ಮೊದಲು ಪೈಪನ್ನೇ ಇಡುತ್ತಾರೆ. ತಂತಿ ಆಮೇಲೆ ಬರುತ್ತದೆ.

ಇನ್ನು ದಾರಿ ಎಲ್ಲಿರಬೇಕು? ಹಾರುವಾಗ ರೆಕ್ಕೆ ಮೇಲಕ್ಕೆ ಬಾಗಲೆಳಸುತ್ತದೆ. ಆಗ ಕೆಳಮೈ ಹಿಗ್ಗುತ್ತದೆ, ಮೇಲ್ಮೈ ಕುಗ್ಗುತ್ತದೆ. ದಪ್ಪದ ನಟ್ಟನಡುವೆ ಈ ಬಾಗುವಿಕೆಯ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ನಡುದಪ್ಪದಲ್ಲಿ ಕೊರೆದ ಸುರಂಗದಿಂದ ಬಲ ಹೆಚ್ಚು ಕುಂದುವುದಿಲ್ಲ. ಮೇಲ್ಪದರವನ್ನು ಸೀಳಲೇಬೇಕಾದರೆ ಕೆಳಗಡೆಯಿಂದ, ಬುಡದಿಂದ ತುದಿಯತ್ತ ಉದ್ದಕ್ಕೆ ಸೀಳಬೇಕು. ಅಡ್ಡಡ್ಡ ಸೀಳಿದರೆ ರೆಕ್ಕೆಯ ಎಳೆಗಳನ್ನೇ ಕತ್ತರಿಸಿದಂತೆ. ಸ್ಪಾರ್ ಎಂಬ ಬೆನ್ನೆಲುಬಿನ ಪಟ್ಟಿಗೆ ಕತ್ತಿ ತಾಗಿಸಲೇಬಾರದು. ಅದರ ಹಿಂಬದಿಯಲ್ಲಿ ದಾರಿ ಮಾಡಿಕೊಳ್ಳುವುದು ಲೇಸು.

ಸುರಂಗ ಕೊರೆಯಲು ಕಾದ ನಿಕ್ರೋಮ್ ತಂತಿ ಉತ್ತಮ. ಕೆಳಮೈಯಿಂದ ಒಂದೇ ಗೆರೆಯಲ್ಲಿ ಒಳನುಗ್ಗಿ, ನಡುದಪ್ಪದಲ್ಲಿ ಸಣ್ಣ ವೃತ್ತ ಸುತ್ತಿ, ಹೋದ ಗೆರೆಯಲ್ಲಿಯೇ ಹಿಂದಿರುಗಬೇಕು. ಬೀಗದ ಕೈ ತೂರುವ ರಂಧ್ರದಂತಹ ಆಕಾರ ಸಿಗುತ್ತದೆ. ಸುತ್ತಿದ ತಿರುಳನ್ನು ಎಳೆದು ತೆಗೆದು, ಸೀಳನ್ನು ಅಂಟಿನಿಂದ ಮುಚ್ಚಬಹುದು. ಸರ್ವೊ ಪ್ಲಗ್ಗೂ ನುಸುಳಬೇಕಾದುದರಿಂದ ಸುರಂಗದ ಅಗಲ ಸುಮಾರು 10 ಮಿಲಿಮೀಟರ್ ಇರಲಿ. ಒಳಗೆ ಸುತ್ತಿದ ಕಾಗದದ ಕೊಳವೆಯನ್ನು ಕೂರಿಸಿದರೆ ತಂತಿ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಬಳಿಕ ದಾರದ ತುದಿಗೆ ಸಣ್ಣ ನಟ್ಟು ಕಟ್ಟಿ, ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ ಬಿಟ್ಟರೆ, ನಟ್ಟು ತಾನಾಗಿಯೇ ಕೆಳಗಿನ ಬಾಯಿಗೆ ಬಂದಿಳಿಯುತ್ತದೆ. ದಾರಕ್ಕೆ ಸರ್ವೊ ತಂತಿಯನ್ನು ಕಟ್ಟಿ ನಿಧಾನವಾಗಿ ಎಳೆಯಿರಿ.

ಅಂಟಿನ ಬಗ್ಗೆ ಒಂದು ಎಚ್ಚರಿಕೆ. ಕ್ಷಣದಲ್ಲಿ ಅಂಟುವ ಸಾಮಾನ್ಯ ಫೆವಿಕ್ವಿಕ್ ಥರ್ಮೋಕೋಲನ್ನು ತಿಂದು ಹಾಕುತ್ತದೆ; ಶಾಲೆಯ ಮಕ್ಕಳಿಗೆಲ್ಲ ಪರಿಚಿತವಾದ ಬಿಳಿಯ ಫೆವಿಕಾಲ್, ಇಲ್ಲವೆ ಎಪಾಕ್ಸಿ, ಅದಕ್ಕೆ ಒಗ್ಗುತ್ತದೆ.

ತಂತಿಯ ವಿಚಾರಕ್ಕೆ ಬರೋಣ. ಸರ್ವೊಗೆ ಮೂರು ಎಳೆಗಳು: ಒಂದು ಸಂಕೇತಕ್ಕೆ, ಎರಡು ವಿದ್ಯುತ್ತಿಗೆ. ಸಂಕೇತದ ಎಳೆಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 50 ಬಾರಿ, 1ರಿಂದ 2 ಮಿಲಿಸೆಕೆಂಡ್ ಉದ್ದದ ಮಿಡಿತ ಹರಿಯುತ್ತದೆ. ಆ ಉದ್ದವೇ ಐಲರಾನ್ ಎಷ್ಟು ತಿರುಗಬೇಕೆಂಬ ಆಜ್ಞೆ. ವಿದ್ಯುತ್ತಿನ ಎಳೆಗಳು ತೆಳುವಾದರೆ ದಾರಿಯಲ್ಲಿಯೇ ಶಕ್ತಿ ಸೋರುತ್ತದೆ. 26 ಗೇಜಿನ ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.13 ಓಮ್ ಪ್ರತಿರೋಧ. ಅದಕ್ಕಿಂತ ದಪ್ಪನಾದ 22 ಗೇಜಿನದಕ್ಕೆ ಸುಮಾರು 0.05. ಒಂದು ಮೀಟರ್ ದೂರದ ಸರ್ವೊಗೆ ವಿದ್ಯುತ್ತು ಹೋಗಿಬರುವ ದಾರಿ ಎರಡು ಮೀಟರ್. 1 ಆಂಪಿಯರ್ ಹರಿದರೆ ತೆಳು ಎಳೆಯಲ್ಲಿ ಕಾಲು ವೋಲ್ಟಿಗೂ ಮಿಕ್ಕಿ ನಷ್ಟ, ದಪ್ಪ ಎಳೆಯಲ್ಲಿ ಸುಮಾರು 0.1 ವೋಲ್ಟ್. ಇರುವುದೇ 5 ವೋಲ್ಟ್ ಆದಾಗ ಇದು ಅಲ್ಪವಲ್ಲ. ಮೂರೂ ಎಳೆಗಳನ್ನು ಜಡೆಯಂತೆ ಹೊಸೆದು, ಮೋಟಾರಿನ ತಂತಿಗಳಿಂದ ದೂರವಿಟ್ಟರೆ ಹೊರಗಿನ ವಿದ್ಯುತ್ ಗದ್ದಲದ ಕಾಟ ತಗ್ಗುತ್ತದೆ.

ಜೋಡಣೆಗಳು ರೆಕ್ಕೆಯ ಎರಡು ತುದಿಗಳಲ್ಲಿ, ಕೈಗೆಟಕುವಂತೆ ಮಾತ್ರ ಇರಲಿ. ನಡುವೆ ಉದ್ದ ಸಾಲದಿದ್ದರೆ ಬೆಸುಗೆ ಹಾಕಿ, ಪ್ರತಿ ಎಳೆಗೂ ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ, ಆಮೇಲೆ ಒಳಗೆಳೆಯಿರಿ. ಸರ್ವೊ ಬಳಿ ಎರಡು ಬೆರಳಿನಷ್ಟು ತಂತಿಯನ್ನು ಸಡಿಲವಾಗಿ ಬಿಡಿ.

ಈ ನಾಡಿನ ಬಿಸಿಲಿನ ಬಗ್ಗೆ ತಮಗೆ ಹೇಳಬೇಕಾಗಿಲ್ಲ. ಥರ್ಮೋಕೋಲ್ ಸುಮಾರು 80 ಡಿಗ್ರಿಯ ಹೊತ್ತಿಗೆ ಆಕಾರ ಕೆಡುತ್ತದೆ. ಮಸ್ಕತ್ತಿನ ಜೂನ್ ತಿಂಗಳಲ್ಲಿ ಮುಚ್ಚಿದ ಕಾರಿನ ಗಾಜಿನಡಿಯಲ್ಲಿ ರೆಕ್ಕೆಯನ್ನಿಟ್ಟರೆ ಅದು ಸೊಟ್ಟಗಾಗಬಹುದು, ಬಿಸಿ ಅಂಟಿನ ಹಿಡಿತವೂ ಸಡಿಲಾಗಬಹುದು. ಬಿಳಿಯ ಬಟ್ಟೆ ಸುತ್ತಿ ನೆರಳಿನಲ್ಲಿಡಿ. ಹಾರಿಸುವ ವಿಷಯದಲ್ಲಿ, ಒಮಾನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ನಿಯಮಗಳನ್ನು ಮೊದಲು ಕೇಳಿ ತಿಳಿದು, ಅನುಮತಿ ಪಡೆದೇ ಮುಂದುವರಿಯಿರಿ. ಮನೆಗಳ ನಡುವಣ ವಾದಿ ಖಾಲಿಯಾಗಿ ಕಂಡಿತೆಂದು ಅಲ್ಲಿ ಹಾರಿಸಲಾಗದು.

ಹಾರಿಸುವ ಮುನ್ನ ಪ್ರತಿ ಬಾರಿಯೂ ಐಲರಾನ್‌ಗಳನ್ನು ಆಡಿಸುತ್ತ ತಂತಿಯನ್ನು ಮೆಲ್ಲಗೆ ಅಲುಗಿಸಿ ನೋಡಿ. ಒಮ್ಮೆ ನಡುಗಿದರೂ ಆ ದಿನ ಹಾರಾಟವಿಲ್ಲ. ಮಕ್ಕಳು ಮುಖ ಸಣ್ಣದು ಮಾಡಿಕೊಂಡಾರು, ಮಾಡಿಕೊಳ್ಳಲಿ. ತಂದೆ ಹಾರಿಸಲಿಲ್ಲವೇಕೆಂಬುದನ್ನು ಅವರೂ ಅಂದು ಕಲಿಯುತ್ತಾರೆ.

ಕೊನೆಯದಾಗಿ ಒಂದು ಮಾತು. ತಂತಿ ಎಳೆಯುವಾಗ ಅದರ ಜೊತೆಗೆ ಇನ್ನೊಂದು ದಾರವನ್ನೂ ಎಳೆದು ಸುರಂಗದಲ್ಲಿಯೇ ಬಿಟ್ಟುಬಿಡಿ. ಅದರ ತೂಕ ಲೆಕ್ಕಕ್ಕಿಲ್ಲ. ನಾಳೆ ತಂತಿ ಕೆಟ್ಟಾಗ, ಬಹುಶಃ ನಾವು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಮಗನೋ ಮಗಳೋ ಆ ದಾರಕ್ಕೆ ಹೊಸ ತಂತಿಯನ್ನು ಕಟ್ಟಿ ತಾವೇ ಎಳೆದುಕೊಳ್ಳುತ್ತಾರೆ. ರೆಕ್ಕೆಯನ್ನು ಸೀಳುವ ಪ್ರಮೇಯವೇ ಬಾರದು.