ಚಿತ್ರಶಾಲೆಗೆ ಎಷ್ಟು ಬೆಳಕು ಬೇಕು?

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸ)



ಹಸಿ ಏಲಕ್ಕಿಯನ್ನು ಬಿಸಿಲಿಗೆ ಹರವಿದರೆ ಅದರ ಹಸಿರು ಮಾಸುವುದು ನಿಮಗೆಲ್ಲ ತಿಳಿದಿದೆ. ಆದ್ದರಿಂದಲೇ ಒಲೆಯ ಶಾಖದ ಕೋಣೆಯಲ್ಲಿ ಒಣಗಿಸುತ್ತೇವೆ. ಕಲಾ ಸಂಗ್ರಹಾಲಯಗಳ ತೊಡಕೂ ಇದೇ. ಬೆಳಕಿಲ್ಲದೆ ಚಿತ್ರ ಕಾಣದು. ಬೆಳಕು ಬಿದ್ದಷ್ಟೂ ಬಣ್ಣ ಸವೆಯುವುದು. ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯ ಚಿತ್ರ ಬರೆದಾಗ ಅದರ ಗೋಡೆಗಳು ನೇರಳೆಯಾಗಿದ್ದವು. ಅದರೊಳಗಿನ ಕೆಂಪು ಬೆಳಕಿಗೆ ಮಾಸಿ, ಇಂದು ಅವು ನೀಲಿಯಾಗಿ ಕಾಣುತ್ತವೆ.

ಮೇಲ್ಮೈಯ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಕಾಗದ, ಬಟ್ಟೆ, ಜಲವರ್ಣಗಳಿಗೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ ಎಂಬುದು ಸಂಗ್ರಹಾಲಯಗಳಲ್ಲಿ ರೂಢಿಯಲ್ಲಿರುವ ಮಿತಿ. ಹಾನಿಯು ದಿನದಿಂದ ದಿನಕ್ಕೆ ಕೂಡುತ್ತ ಹೋಗುವುದರಿಂದ ಬೆಳಕನ್ನು ಕಾಲದಿಂದ ಗುಣಿಸಬೇಕು. ದಿನಕ್ಕೆ 8 ಗಂಟೆಯಂತೆ 300 ದಿನ 50 ಲಕ್ಸ್ ಬೆಳಗಿದರೆ 1,20,000 ಲಕ್ಸ್-ಗಂಟೆಯಾಯಿತು. ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ವರ್ಷವಿಡೀ ಸಲ್ಲಬೇಕಾದ ಬೆಳಕನ್ನು ಬಿಸಿಲು ಒಂದೂಕಾಲು ಗಂಟೆಯೊಳಗೆ ಸುರಿದುಬಿಡುತ್ತದೆ! ಅತಿನೇರಳೆ ಕಿರಣಗಳ ಹಾನಿ ಬೇರೆ.

ಹಾಗೆಂದು ಸೂರ್ಯನನ್ನು ಹೊರಗಟ್ಟಬೇಕಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್‌ನಲ್ಲಿ 1972ರಲ್ಲಿ ತೆರೆದ ಕಿಂಬೆಲ್ ಕಲಾ ಸಂಗ್ರಹಾಲಯದ ಕಾಂಕ್ರೀಟ್ ಕಮಾನು ಚಾವಣಿಗಳ ನೆತ್ತಿಯಲ್ಲಿ ವಾಸ್ತುಶಿಲ್ಪಿ ಲೂಯಿ ಕಾನ್ ಉದ್ದಕ್ಕೂ ಕಿರಿದಾದ ಸೀಳು ಬಿಟ್ಟರು. ಅದರಡಿಯಲ್ಲಿ ತೂತುಗಳುಳ್ಳ ಅಲ್ಯೂಮಿನಿಯಂ ತಗಡು. ಬಿಸಿಲು ತಗಡಿಗೆ ತಾಗಿ, ಮೇಲಕ್ಕೆ ಮರಳಿ, ಕಮಾನಿನ ಒಳಮೈಯಲ್ಲಿ ಹರಡಿ, ಬಳಿಕ ಮೆಲ್ಲಗೆ ಕೆಳಗಿಳಿಯುತ್ತದೆ. ತೋಟದ ಮರಗಳಡಿ ಏಲಕ್ಕಿಗೆ ನಾವು ಕೊಡುವುದೂ ಇಂಥದೇ ಸೋಸಿದ ಬೆಳಕು.

ಸಂಜೆಗೆ, ಮೋಡ ಕವಿದಾಗ ದೀಪ ಬೇಕೇ ಬೇಕು. ಹಳೆಯ ಬುರುಡೆ ಬಲ್ಬು ಬಳಸುವ ವಿದ್ಯುತ್ತಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಹವಾನಿಯಂತ್ರಣಕ್ಕೆ ಮತ್ತೆ ವಿದ್ಯುತ್ತು. ವಿದ್ಯುತ್ತಿನ ನಿಜಬೆಲೆಯನ್ನು ಲಿಂಗನಮಕ್ಕಿಯ ಹಿನ್ನೀರು ಕಂಡವರಿಗೆ ನಾನು ಹೇಳಬೇಕಿಲ್ಲ. ಎಲ್‌ಇಡಿ ಈ ಎರಡೂ ವೆಚ್ಚಗಳನ್ನು ಇಳಿಸಿದೆ. ಆದರೆ ಉಳಿತಾಯದ ಹೆಸರಿನಲ್ಲಿ ಕೈಗೆ ಸಿಕ್ಕ ಎಲ್‌ಇಡಿಯನ್ನು ತೂಗುಹಾಕುವುದನ್ನು ನಾನು ಒಪ್ಪಲಾರೆ. ತಂಪು ಬಿಳುಪಿನ ದೀಪಗಳಲ್ಲಿ ನೀಲಿಯ ಪಾಲು ಹೆಚ್ಚು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಬಣ್ಣ ಕೆಡಿಸಲು ನೀಲಿಯೇ ಮುಂದು. ಖರ್ಚು ಕಡಿಮೆಯೆಂದು ಜನರಿಲ್ಲದ ಕೋಣೆಯಲ್ಲೂ ಉರಿಸಿದರೆ ಚಿತ್ರಕ್ಕೂ ನಷ್ಟ, ನದಿಗೂ ನಷ್ಟ.

ಮಂದ ಬೆಳಕು ಸಾಲದೆಂಬ ದೂರಿದೆ. ಅಂಗಳದಿಂದ ನಡುಮನೆಗೆ ಬಂದೊಡನೆ ಕತ್ತಲೆನಿಸಿ, ತುಸು ಹೊತ್ತಿಗೆ ಎಲ್ಲವೂ ಕಾಣುವುದಿಲ್ಲವೇ? ಬಾಗಿಲಿನಿಂದ ಹಂತಹಂತವಾಗಿ ಬೆಳಕನ್ನು ಇಳಿಸುತ್ತ ಹೋದರೆ 50 ಲಕ್ಸ್ ಸಾಕು.

ವಿದ್ಯಾರ್ಥಿಗಳೇ, ನೀವು ಕಾಗದದ ಮೇಲೆ ಬರೆದ ಹಸೆ ಚಿತ್ತಾರವನ್ನು ಕಿಟಕಿಯೆದುರು ತೂಗುಹಾಕಬೇಡಿ. ಕೆಮ್ಮಣ್ಣಿನ ಕೆಂಪು ತಾಳಿಕೊಂಡೀತು. ಗುರಿಗೆಯ ಹಳದಿಯಂಥ ಸಸ್ಯಜನ್ಯ ಬಣ್ಣ ಅಷ್ಟು ತಾಳದು.